ಬೀರುವಿನೊಳಗಿನ ಕ್ಯಾಮರಾ

ಹಳೆಯ ವಸ್ತುಗಳನ್ನು ಕೂಡಿಡುವವರಲ್ಲಿ ಎರಡು ಪಂಥಗಳುಂಟು. ಗಾಜಿನ ಬೀರುವಿನಲ್ಲಿಟ್ಟು ಧೂಳೊರೆಸುವುದೇ ವಸ್ತುವಿಗೆ ಸಲ್ಲುವ ಗೌರವವೆನ್ನುವವರು ಒಂದೆಡೆ. ಯಾವ ಕೆಲಸಕ್ಕೆಂದು ಅದು ಹುಟ್ಟಿತೋ ಆ ಕೆಲಸಕ್ಕೇ ಹಚ್ಚಬೇಕೆನ್ನುವವರು ಇನ್ನೊಂದೆಡೆ. ಚಿತ್ರವನ್ನು ತೆಗೆದಲ್ಲಿಯೇ ಕೈಗೆ ಕೊಡುವ ಹಳೆಯ ಪೋಲರಾಯ್ಡ್ ಕ್ಯಾಮರಾಗಳ ವಿಷಯದಲ್ಲಿ ನಾನು ಎರಡನೆಯ ಪಂಥದವನು.

ಈ ಕ್ಯಾಮರಾದ ಹುಟ್ಟಿಗೆ ಕಾರಣ ಒಂದು ಮಗುವಿನ ಆತುರ. 1943ರಲ್ಲಿ, ಅಮೆರಿಕದ ಸಾಂಟಾ ಫೆಯಲ್ಲಿ, ತಂದೆ ಎಡ್ವಿನ್ ಲ್ಯಾಂಡ್ ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು ಮೂರು ವರ್ಷದ ಮಗಳು ಕೇಳಿದಳಂತೆ. ಆ ಪ್ರಶ್ನೆಗೆ ಉತ್ತರವಾದ ಕ್ಯಾಮರಾ 1948ರ ನವೆಂಬರಿನಲ್ಲಿ ಬಾಸ್ಟನ್ ನಗರದ ಅಂಗಡಿಗೆ ಬಂತು. 1972ರ ಎಸ್‌ಎಕ್ಸ್-70 ಮಾದರಿ ಇನ್ನೂ ಸೊಗಸಾದುದು. ಮಡಿಚಿದರೆ ಚಪ್ಪಟೆ ಪೆಟ್ಟಿಗೆ. ಬಿಚ್ಚಿ ಗುಂಡಿಯೊತ್ತಿದರೆ ಹಾಳೆಯೊಂದು ಹೊರಬರುತ್ತದೆ. ಬರುವಾಗ ಉರುಳೆಗಳು ಹಾಳೆಯಂಚಿನ ಪುಟ್ಟ ಚೀಲವನ್ನೊಡೆದು, ಲೇಹ್ಯದಂಥ ರಾಸಾಯನಿಕ ದ್ರವ್ಯವನ್ನು ಪದರಗಳ ನಡುವೆ ಸವರುತ್ತವೆ.

2008ರಲ್ಲಿ ಪೋಲರಾಯ್ಡ್ ಸಂಸ್ಥೆ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿದಾಗ ಈ ಯಂತ್ರಗಳೆಲ್ಲ ಬೀರುವಿನ ಪಾಲಾಗಬೇಕಿತ್ತು. ಆದರೆ ನೆದರ್‌ಲ್ಯಾಂಡಿನ ಎನ್‌ಸ್ಕೆಡೆ ಪಟ್ಟಣದ ಕಾರ್ಖಾನೆಯಲ್ಲಿ ದುಡಿದಿದ್ದ ಕೆಲವರೂ ಕೆಲವು ಉತ್ಸಾಹಿಗಳೂ ಯಂತ್ರಗಳನ್ನು ಉಳಿಸಿಕೊಂಡು, ದ್ರವ್ಯಗಳನ್ನು ಹೊಸದಾಗಿ ರೂಪಿಸಿ, 2010ರಲ್ಲಿ ಫಿಲ್ಮನ್ನು ಮರಳಿ ತಂದರು. ಬಳಸುವವರು ಇದ್ದುದರಿಂದಲೇ ಫಿಲ್ಮು ಉಳಿಯಿತು. ಬರಿಯ ಸಂಗ್ರಾಹಕರಿಗೆ ಫಿಲ್ಮೇತಕ್ಕೆ? ಮೊದಲ ಮಾದರಿಯ ಸುರುಳಿ ಫಿಲ್ಮು ಇಂದು ತಯಾರಾಗುತ್ತಿಲ್ಲ. ಅಂಥ ಕ್ಯಾಮರಾಕ್ಕೆ ಬೀರುವೇ ಗತಿಯೆಂದು ಒಪ್ಪುತ್ತೇನೆ. ಉಸಿರಿರುವುದನ್ನೂ ಅಲ್ಲಿಯೇ ಕೂರಿಸುವುದೇಕೆ?

ಖರ್ಚು ಹೆಚ್ಚೆಂದು ಮಿತ್ರರು ಆಕ್ಷೇಪಿಸುತ್ತಾರೆ. ನಿಜ, ಒಂದು ಪೊಟ್ಟಣಕ್ಕೆ ಎಂಟೇ ಹಾಳೆ. ಸೆಕೆ ತಾಗಿದರೆ ಬಣ್ಣ ಕೆಡುತ್ತದೆ. ಹೊರಬಂದೊಡನೆ ಬೆಳಕಿನಿಂದ ಮರೆಮಾಡಿ ಸುಮಾರು ಕಾಲು ಗಂಟೆ ಕಾಯಬೇಕು. ನನ್ನ ಅಜ್ಞಾನದಿಂದ ಮೊದಲ ಪೊಟ್ಟಣದಲ್ಲಿ ಮೂರು ಹಾಳೆ ಹಾಳಾದವು. ಆದರೆ ಎಂಟೇ ಎಂದು ತಿಳಿದವನು ಗುಂಡಿಯೊತ್ತುವ ಮುನ್ನ ಎದುರಿಗಿರುವವರ ಮುಖವನ್ನು ಚೆನ್ನಾಗಿ ನೋಡುತ್ತಾನೆ. ಫೋನಿನಲ್ಲಿ ನೂರಾರು ಚಿತ್ರ ತೆಗೆಯುವ ನಾವು ಹಾಗೆ ನೋಡುವುದುಂಟೆ?

ಆ ಪೊಟ್ಟಣದ ಕೊನೆಯ ಹಾಳೆಯಲ್ಲಿ ನನ್ನ ತಾಯಿಯ ಚಿತ್ರ ತೆಗೆದೆ. ಬಣ್ಣ ಮೂಡುವವರೆಗೂ ಅವರು ಹಿತ್ತಿಲ ಬಾಗಿಲಲ್ಲಿ ಕುಳಿತು, "ಬಂತೇನೋ?" ಎಂದು ಮತ್ತೆ ಮತ್ತೆ ಕೇಳಿದರು. ಕಣ್ಣು ಅರೆ ಮುಚ್ಚಿದ್ದವು. ಆದರೂ ಅದನ್ನು ಯಾರಿಗೂ ಕೊಡದೆ ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಅವರು ತೀರಿಕೊಂಡ ಮೇಲೆ ತಂಗಿ ಒಂದು ಪ್ರತಿ ಕೇಳಿದಳು. ಈ ಚಿತ್ರಕ್ಕೆ ಪ್ರತಿ ತೆಗೆಯಲು ನೆಗೆಟಿವ್ ಇರುವುದಿಲ್ಲ. ಫೋನಿನಲ್ಲಿ ಅದರ ಚಿತ್ರ ತೆಗೆದು ಕಳಿಸಿದೆ, ಅವಳಿಗೆ ಸಮಾಧಾನವಾಗಲಿಲ್ಲ. ಅಮ್ಮ ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ ಹಾಳೆಯೇ ಅವಳಿಗೆ ಬೇಕಾಗಿತ್ತು.

ಈಗ ಅದು ಆರು ತಿಂಗಳು ಅವಳ ಮನೆಯಲ್ಲಿ, ಆರು ತಿಂಗಳು ನಮ್ಮಲ್ಲಿ. ಯುಗಾದಿಗೆ ಅವಳೇ ತಂದುಕೊಡುತ್ತಾಳೆ; ದೀಪಾವಳಿಗೆ ನಾನು ಒಯ್ದುಕೊಡುತ್ತೇನೆ.