ಫೋನ್ ಬದಲಾದರೆ ಕನ್ನಡ ಅಕ್ಷರ ಒಡೆಯುವುದೇಕೆ? ಇದು ವೈರಸ್ ಕೆಲಸವೇ?

ಸಿರಿಗೇರಿಯಿಂದ ಒಬ್ಬರು ಭತ್ತದ ದರದ ಬಗ್ಗೆ ಸಂದೇಶ ಕಳಿಸಿದರು ಎಂದುಕೊಳ್ಳಿ. ಸಿರುಗುಪ್ಪದಲ್ಲಿ ಓದಿದವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಬಳ್ಳಾರಿಯಲ್ಲಿ ಹಳೆಯ ಫೋನ್ ಇರುವವರಿಗೆ ಮಾತ್ರ ‘ಭತ್ತ’ ಎಂಬುದು ‘ಭತ್‌ತ’ ಎಂದು ಒಡೆದು ಕಾಣುತ್ತದೆ, ಇಲ್ಲವೇ ಬರೀ ಚೌಕಗಳು ಬರುತ್ತವೆ. ಅಷ್ಟಕ್ಕೇ ‘ಇದರಲ್ಲಿ ವೈರಸ್ ಇದೆ, ತೆರೆಯಬೇಡಿ’ ಎಂಬ ಇನ್ನೊಂದು ಫಾರ್ವರ್ಡ್ ಶುರುವಾಗುತ್ತದೆ. ‘ಅಕ್ಷರ ಬೇರೆ ಥರ ಇದೆ, ಹಾಗಾಗಿ ನಕಲಿ’ ಎನ್ನುವವರೂ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆ.

ನಾವು ಸಂದೇಶ ಕಳಿಸುವಾಗ ಅಕ್ಷರದ ಚಿತ್ರ ಹೋಗುವುದಿಲ್ಲ, ಅದರ ಸಂಖ್ಯೆ ಮಾತ್ರ ಹೋಗುತ್ತದೆ. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿದೆ. ‘ಅಕ್ಕ’ ಎಂದು ಬರೆದರೆ ಅ, ಕ, ವಿರಾಮ ಚಿಹ್ನೆ, ಮತ್ತೊಂದು ಕ ಹೀಗೆ ನಾಲ್ಕು ಸಂಖ್ಯೆಗಳು ಹೊರಡುತ್ತವೆ. ಎರಡನೇ ಕ ಕೆಳಗಿಳಿದು ಒತ್ತಾಗಬೇಕು ಎಂದು ತೀರ್ಮಾನಿಸಿ ಚಿತ್ರ ಬರೆಯುವುದು ಪಡೆದವರ ಫೋನಿನ ಕೆಲಸ. ಅದಕ್ಕೆ ಅಲ್ಲಿ ಕನ್ನಡ ಫಾಂಟ್ ಇರಬೇಕು, ಅಕ್ಷರ ಜೋಡಿಸುವ ತಂತ್ರಾಂಶವೂ ಇರಬೇಕು. ಫಾಂಟ್ ಇಲ್ಲದಿದ್ದರೆ ಚೌಕ ಬರುತ್ತದೆ, ಜೋಡಣೆ ಬಾರದಿದ್ದರೆ ಒತ್ತು ಒಡೆಯುತ್ತದೆ.

ಫಾಂಟ್ ಕೂಡ ಎಲ್ಲ ಕಡೆ ಒಂದೇ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಬಂತು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ ಇರುತ್ತದೆ, ಹಳೆಯ ಐಫೋನ್‌ಗಳಲ್ಲಿ ಕನ್ನಡ ಸಂಗಮ್ ಇತ್ತು. ಒಂದರ ಅಗಲ, ಎತ್ತರ ಇನ್ನೊಂದಕ್ಕಿಲ್ಲ. ಎಮೋಜಿಯ ಕಥೆಯೂ ಇದೇ. 2016ರಲ್ಲಿ ಆಪಲ್ ಪಿಸ್ತೂಲಿನ ಎಮೋಜಿಯನ್ನು ನೀರಿನ ಪಿಚಕಾರಿ ಮಾಡಿತು. ಬೇರೆ ಕಂಪನಿಗಳು ಬದಲಿಸುವವರೆಗೆ, ಐಫೋನಿನಿಂದ ಕಳಿಸಿದ ಪಿಚಕಾರಿ ಆಂಡ್ರಾಯ್ಡ್‌ನಲ್ಲಿ ನಿಜವಾದ ಪಿಸ್ತೂಲಾಗಿ ಕಾಣುತ್ತಿತ್ತು!

ಹಾಗಾದರೆ ಅಕ್ಷರದಿಂದ ಫೋನ್ ಕೆಡುವುದೇ ಇಲ್ಲವೇ? ಒಮ್ಮೆ ಹಾಗಾಗಿತ್ತು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಒತ್ತಕ್ಷರ ಬಂದರೆ ಐಫೋನಿನ ಆ್ಯಪ್‌ಗಳು ತಾವಾಗಿಯೇ ಮುಚ್ಚಿಹೋಗುತ್ತಿದ್ದವು. ಆದರೆ ಅದೂ ವೈರಸ್ ಅಲ್ಲ, ಅಕ್ಷರ ಜೋಡಿಸುವ ತಂತ್ರಾಂಶದಲ್ಲಿದ್ದ ದೋಷ. ಆಪಲ್ ಅದೇ ತಿಂಗಳು ಅಪ್‌ಡೇಟ್ ಕೊಟ್ಟು ಸರಿಪಡಿಸಿತು.

ಡಿಟಿಪಿ ಅಂಗಡಿಯ ಫೈಲಿನಿಂದ ಕಾಪಿ ಮಾಡಿದ ಕನ್ನಡ ವಾಟ್ಸಾಪ್‌ಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುವುದು ಇನ್ನೊಂದು ಬಗೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಫೋನಿಗೆ ಅದು ಕನ್ನಡ ಎಂದೇ ಗೊತ್ತಾಗುವುದಿಲ್ಲ. ಯುನಿಕೋಡ್‌ಗೆ ಪರಿವರ್ತಿಸಿ ಕಳಿಸಿದರೆ ಸರಿಹೋಗುತ್ತದೆ.

ಒಡೆದ ಅಕ್ಷರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ತೊಂದರೆ ಆ್ಯಪ್‌ಗಳೊಳಗೆ ಇದೆ, ನಮ್ಮ ಪ್ರಕಾರ ಹೆಚ್ಚು ಅಪಾಯ ಅದರಲ್ಲೇ. ಆ್ಯಪ್ ತಯಾರಿಸುವವರು ತಮ್ಮ ಫೋನಿನಲ್ಲಿ ನೋಡಿ ಗುಂಡಿಯ, ಸಾಲಿನ ಅಳತೆ ನಿಗದಿ ಮಾಡುತ್ತಾರೆ. ಫಾಂಟ್ ಬೇರೆಯಿರುವ ಅಥವಾ ಅಕ್ಷರ ದೊಡ್ಡದು ಮಾಡಿಕೊಂಡ ಫೋನಿನಲ್ಲಿ ಆ ಅಳತೆ ಸಾಲುವುದಿಲ್ಲ. ಎತ್ತರ ಕಡಿಮೆಯಾದರೆ ಒತ್ತು ಕತ್ತರಿಸಿಹೋಗಿ ‘ಹಳ್ಳಿ’ ಎಂಬುದು ‘ಹಳಿ’ಯಂತೆ ಕಾಣಬಹುದು. ಅಗಲ ಕಡಿಮೆಯಾದರೆ ಸಾಲಿನ ಕೊನೆ ಹೋಗಿ ಮೂರು ಚುಕ್ಕಿ ಬರುತ್ತದೆ.

ಕನ್ನಡದಲ್ಲಿ ‘ಇಲ್ಲ’, ‘ಬಾರದು’, ‘ಬೇಡ’ ಎಲ್ಲ ಬರುವುದು ಕೊನೆಯಲ್ಲೇ. ‘ಪಾವತಿ ಯಶಸ್ವಿಯಾಗಿಲ್ಲ’ ಎಂಬುದು ಕತ್ತರಿಸಿದರೆ ‘ಪಾವತಿ ಯಶಸ್ವಿಯಾಗಿ…’ ಆಗುತ್ತದೆ. ದುಡ್ಡು ಬಂತೆಂದು ಅಂಗಡಿಯವರು ಸಾಮಾನು ಕೊಟ್ಟು ಕಳಿಸಿಬಿಡಬಹುದು. ‘ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು’ ಎಂಬ ಮಾತ್ರೆಯ ಸೂಚನೆ ‘ತೆಗೆದುಕೊಳ್ಳ…’ ಎಂಬಲ್ಲಿಗೇ ನಿಂತರೆ ಇನ್ನೂ ಕಷ್ಟ. ಇಂಗ್ಲಿಷ್‌ನಲ್ಲಿ ‘ನಾಟ್’ ಸಾಮಾನ್ಯವಾಗಿ ಮೊದಲೇ ಬಂದಿರುತ್ತದೆ. ಹಾಗಾಗಿ ಇಂಗ್ಲಿಷ್ ಪರದೆಯನ್ನಷ್ಟೇ ಪರೀಕ್ಷಿಸಿದವರಿಗೆ ಇದು ಹೊಳೆಯುವುದೂ ಇಲ್ಲ.

ತಯಾರಕರಿಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ನೋಟೋ ಫಾಂಟ್ ಉಚಿತ, ಆ್ಯಪ್‌ನೊಳಗೇ ಸೇರಿಸಿಕೊಟ್ಟರೆ ಎಲ್ಲ ಫೋನಿನಲ್ಲೂ ಅಕ್ಷರ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಸಾಲು ಉದ್ದವಾದರೆ ಕತ್ತರಿಸದೆ ಕೆಳಗಿನ ಸಾಲಿಗೆ ಇಳಿಸಬೇಕು. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದ ಹಾಕಿ ಎತ್ತರ ಪರೀಕ್ಷಿಸಬೇಕು. ‘ಪಾವತಿ ಯಶಸ್ವಿಯಾಗಿಲ್ಲ’ ಬದಲು ‘ವಿಫಲ: ಪಾವತಿ’ ಎಂದು ಬರೆದರೆ ಎಲ್ಲಿ ಕತ್ತರಿಸಿದರೂ ಅರ್ಥ ಉಳಿಯುತ್ತದೆ.

ನಿಮ್ಮ ಫೋನಿನಲ್ಲಿ ಸಾಲಿನ ಕೊನೆಗೆ ಮೂರು ಚುಕ್ಕಿ ಕಂಡರೆ ನೋಟಿಫಿಕೇಶನ್ ತೆರೆದು ಪೂರ್ತಿ ಓದಿ, ಅಥವಾ ಫೋನನ್ನು ಅಡ್ಡ ಹಿಡಿದು ನೋಡಿ. ಹಣದ ವಿಷಯವಾದರೆ ಖಾತೆಯ ಬಾಕಿಯನ್ನೇ ನೋಡಿಕೊಳ್ಳಿ. ಚೌಕಗಳು ಬಂದರೆ ಫೋನಿನ ತಂತ್ರಾಂಶ ಅಪ್‌ಡೇಟ್ ಮಾಡಿ. ಆಗಲೂ ಹಾಗೇ ಇದ್ದರೆ ಕಳಿಸಿದವರಿಗೆ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಅದು ಚಿತ್ರವಾದ್ದರಿಂದ ಅಕ್ಷರ ಅವರಿಗೆ ಕಂಡಂತೆಯೇ ನಿಮಗೂ ಕಾಣುತ್ತದೆ.