ಅಡಗಿದ ಗುಣದ ಲೆಕ್ಕ

ಚೆನ್ನಾಗಿ ಫಲಿಸಿದ ಗಿಡದ ಬೀಜವನ್ನೇ ಆಯ್ದಿಟ್ಟು ಮರುವರ್ಷ ಬಿತ್ತುವುದು ಗೃಹಸ್ಥರ ವಾಡಿಕೆಯಷ್ಟೆ. ಆದರೂ ಒಮ್ಮೊಮ್ಮೆ ತಾಯಿಗಿಡದಲ್ಲಿ ಕಾಣದ ಗುಣವು ಮರಿಗಿಡಗಳಲ್ಲಿ ತಲೆದೋರುವುದುಂಟು. ಆಗ ‘ಬೀಜ ಕೆಟ್ಟಿತು’ ಎಂದು ಹಳಿಯುತ್ತೇವೆ. ನಿಜವಾಗಿ ಬೀಜವು ಕೆಟ್ಟಿರಲಾರದು. ಅದರಲ್ಲಿ ಅಡಗಿದ್ದುದೇ ಹೊರಬಿದ್ದಿರಬಹುದು.

ಈ ಮರ್ಮವನ್ನು ಕಂಡುಹಿಡಿದವನು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿ. ಈಗಿನ ಚೆಕ್ ದೇಶದ ಬ್ರ್ನೋ ನಗರದಲ್ಲಿ, ತನ್ನ ಮಠದ ತೋಟದಲ್ಲಿ, 1856ರಿಂದ 1863ರವರೆಗೆ ಆತನು ಬಟಾಣಿಯನ್ನು ಬೆಳೆಸಿ ಪರೀಕ್ಷಿಸಿದನು. ಹಳದಿ ಕಾಳಿನ ಕುಲವನ್ನು ಹಸುರು ಕಾಳಿನ ಕುಲದೊಡನೆ ಕೂಡಿಸಲು, ಹುಟ್ಟಿದ ಕಾಳುಗಳೆಲ್ಲವೂ ಹಳದಿಯಾದುವು. ಅವುಗಳನ್ನು ಬಿತ್ತಿ, ತಮ್ಮ ಪರಾಗದಿಂದಲೇ ಫಲಿಸಲು ಬಿಟ್ಟಾಗ, 8023 ಕಾಳುಗಳಲ್ಲಿ 6022 ಹಳದಿ, 2001 ಹಸುರು! ಹೆಚ್ಚುಕಡಮೆ ಮೂರಕ್ಕೊಂದು.

ಇದೇಕೆ? ಬಣ್ಣಕ್ಕೆಂದು ಪ್ರತಿ ಗಿಡದಲ್ಲಿಯೂ ಎರಡು ಅಂಶಗಳಿರುತ್ತವೆ. ಸಂತಾನಕ್ಕೆ ಹೋಗುವುದು ಅವುಗಳಲ್ಲಿ ಒಂದು ಮಾತ್ರ. ಇದನ್ನು ತಿಳಿಯಲು ಇಂಗ್ಲೆಂಡಿನ ರೆಜಿನಾಲ್ಡ್ ಪನೆಟ್ ಎಂಬ ವಿದ್ವಾಂಸನು ಚೌಕವೊಂದನ್ನು ಕಲ್ಪಿಸಿದನು. ನಾಲ್ಕು ಮನೆಗಳ ಈ ಚೌಕವನ್ನು ಮಕ್ಕಳು ರಂಗೋಲಿಯಲ್ಲಿಯೂ ಬರೆಯಬಹುದು. ಹಳದಿಗೆ ‘ಹ’, ಹಸುರಿಗೆ ‘ಸು’ ಎಂದಿಟ್ಟುಕೊಳ್ಳೋಣ. ಮೇಲ್ಗಡೆ ಪರಾಗದ ‘ಹ, ಸು’, ಎಡಗಡೆ ಅಂಡದ ‘ಹ, ಸು’ ಬರೆದು, ಎರಡನ್ನೂ ಮನೆಮನೆಯಲ್ಲಿ ಕೂಡಿಸಿದರೆ ‘ಹಹ, ಹಸು, ಸುಹ, ಸುಸು’ ಎಂದಾಗುವುದು. ‘ಹ’ ಇದ್ದಲ್ಲಿ ‘ಸು’ ಮರೆಯಾಗುವುದರಿಂದ ಮೂರು ಮನೆ ಹಳದಿ, ಒಂದು ಹಸುರು.

ಮುಖ್ಯ ವಿಷಯವಿರುವುದು ಇಲ್ಲಿಯೇ. ಮೂರು ಹಳದಿಗಳಲ್ಲಿ ಎರಡು ಹಸುರನ್ನು ಬಚ್ಚಿಟ್ಟುಕೊಂಡಿವೆ. ಕಣ್ಣಿಗೆ ಭೇದ ತಿಳಿಯದು. ಮೆಂಡೆಲನು ಅಂತಹ ಹಳದಿ ಕಾಳುಗಳಿಂದ 519 ಗಿಡಗಳನ್ನು ಬೆಳೆಸಲು, 166 ಗಿಡಗಳು ಹಳದಿಯನ್ನು ಮಾತ್ರ ಕೊಟ್ಟುವು. 353 ಗಿಡಗಳು ಎರಡನ್ನೂ ಕೊಟ್ಟುವು.

ಚೌಕವು ಹೇಳುವುದು ಪ್ರಮಾಣವನ್ನೇ ಹೊರತು ಒಂದೊಂದು ಗಿಡದ ಭವಿಷ್ಯವನ್ನಲ್ಲ. ಮೆಂಡೆಲನ ಒಂದು ಗಿಡದಲ್ಲಿ 32 ಹಳದಿಗೆ ಒಂದೇ ಹಸುರು. ಮತ್ತೊಂದರಲ್ಲಿ 20ಕ್ಕೆ 19. ಎಣಿಕೆ ಹೆಚ್ಚಿದಂತೆಲ್ಲ ಲೆಕ್ಕವು ಸರಿಹೋಗುವುದು.

ಆದುದರಿಂದ ಬಟಾಣಿಯ ಬೀಜವನ್ನು ಒಟ್ಟಿಗೆ ಬೆರಸದೆ, ಗಿಡಗಿಡಕ್ಕೂ ಬೇರೆ ಪೊಟ್ಟಣ ಕಟ್ಟಿಡಿ. ಮರುವರ್ಷ ಬೇರೆ ಬೇರೆ ಸಾಲಿನಲ್ಲಿ ಬಿತ್ತಿ ನೋಡಿ. ಯಾವ ಗಿಡದ ಸಂತಾನದಲ್ಲಿ ಭೇದ ಕಾಣದೋ ಅದರ ಬೀಜವೇ ನೆಚ್ಚತಕ್ಕುದು. ಗಿಡದ ಕುಲವನ್ನು ಅದರ ರೂಪಕ್ಕಿಂತ ಅದರ ಮಕ್ಕಳೇ ಚೆನ್ನಾಗಿ ಹೇಳುವುವು.