ಆ ಸಂವಿಧಾನವನ್ನು ಕೊಂದವರು ಮೌಲವಿಗಳಲ್ಲ

ಪಾಕಿಸ್ತಾನದಲ್ಲಿ ಪ್ರಜಾಪ್ರಭುತ್ವ ಮುಗ್ಗರಿಸಿದಾಗಲೆಲ್ಲ ಇಲ್ಲಿ ನಮ್ಮ ಕಡೆ ಬೆರಳು ತೋರಿಸುವವರಿದ್ದಾರೆ. ಮುಸ್ಲಿಮರಿಗೂ ಸಂವಿಧಾನಕ್ಕೂ ಆಗಿಬರುವುದಿಲ್ಲ ಎಂಬುದು ಅವರ ತೀರ್ಪು. ಆ ದೇಶದ ಮೊದಲ ಸಂವಿಧಾನದ ಕಥೆಯನ್ನು ಅವರು ಓದಿದಂತೆ ಕಾಣುವುದಿಲ್ಲ.

1947ರಲ್ಲಿ ಹುಟ್ಟಿದ ದೇಶಕ್ಕೆ ಸಂವಿಧಾನ ಸಿಕ್ಕಿದ್ದು 1956ರ ಮಾರ್ಚ್ 23ರಂದು. ತಡವಾಗಲು ಧರ್ಮದ ಚರ್ಚೆಯೂ ಒಂದು ಕಾರಣ, ನಿಜ. ಆದರೆ ಪಶ್ಚಿಮ ಪಾಕಿಸ್ತಾನದ ಅಧಿಕಾರಶಾಹಿಯ ನಿದ್ದೆಗೆಡಿಸಿದ್ದು ಶರೀಅತ್ ಅಲ್ಲ, ಬಂಗಾಳಿಗಳ ತಲೆಯೆಣಿಕೆ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಪೂರ್ವದಲ್ಲಿದ್ದರು. 1954ರ ಚುನಾವಣೆಯಲ್ಲಿ ಅವರು ಮುಸ್ಲಿಂ ಲೀಗನ್ನು ಗುಡಿಸಿ ಹಾಕಿದರು. ಅದೇ ಅಕ್ಟೋಬರ್‌ನಲ್ಲಿ, ಸಂವಿಧಾನದ ಕರಡು ಬಹುಮಟ್ಟಿಗೆ ಸಿದ್ಧವಾಗಿದ್ದಾಗ, ಗವರ್ನರ್ ಜನರಲ್ ಗುಲಾಂ ಮುಹಮ್ಮದ್ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಈತ ಯಾವ ಮದ್ರಸಾದಿಂದಲೂ ಬಂದವರಲ್ಲ, ಬ್ರಿಟಿಷರ ಲೆಕ್ಕಪತ್ರ ಇಲಾಖೆಯಲ್ಲಿ ಪಳಗಿದವರು. ವಿಸರ್ಜನೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದು ಸಭೆಯ ಅಧ್ಯಕ್ಷ, ಬಂಗಾಳದ ಮೌಲವಿ ತಮೀಝುದ್ದೀನ್ ಖಾನ್. ಹೆಸರಿನಲ್ಲೇ ಮೌಲವಿ ಎಂದಿರುವುದನ್ನು ಗಮನಿಸಿ!

ಸಿಂಧ್ ನ್ಯಾಯಾಲಯದಲ್ಲಿ ಅವರು ಗೆದ್ದರು. 1955ರಲ್ಲಿ ಮುಖ್ಯ ನ್ಯಾಯಮೂರ್ತಿ ಮುನೀರ್ ಅವರ ಫೆಡರಲ್ ಕೋರ್ಟ್ ಆ ಗೆಲುವನ್ನು ಅಳಿಸಿ ಹಾಕಿತು. ಸಭೆ ಮಾಡಿದ ಕಾನೂನಿಗೆ ಗವರ್ನರ್ ಜನರಲ್ ಅಂಕಿತ ಬಿದ್ದಿರಲಿಲ್ಲವೆಂಬುದು ನೆಪ. ಇದೇ ಮುನೀರ್, ಪಂಜಾಬಿನ ಗಲಭೆಗಳ ಬಗೆಗಿನ 1954ರ ವರದಿಯಲ್ಲಿ ಉಲೇಮಾಗಳನ್ನು ತರಾಟೆಗೆ ತೆಗೆದುಕೊಂಡು ಪ್ರಗತಿಪರರ ಮೆಚ್ಚುಗೆ ಗಳಿಸಿದ್ದವರು. ಫೆಡರಲ್ ಕೋರ್ಟಿನಲ್ಲಿ ಭಿನ್ನ ತೀರ್ಪು ಬರೆದ ಏಕೈಕ ನ್ಯಾಯಮೂರ್ತಿ ಕಾರ್ನೇಲಿಯಸ್, ಒಬ್ಬ ಕ್ರೈಸ್ತರು.

ಕೊನೆಗೆ ಬಂದ ಸಂವಿಧಾನ ಪೂರ್ವ, ಪಶ್ಚಿಮ ಎರಡಕ್ಕೂ ಸಮಪಾಲು ಸ್ಥಾನ ಕೊಟ್ಟು ಬಂಗಾಳದ ಬಹುಮತವನ್ನು ನುಂಗಿತು. ಮುಸ್ಲಿಮೇತರರು ರಾಷ್ಟ್ರಾಧ್ಯಕ್ಷರಾಗುವಂತಿಲ್ಲ ಎಂದೂ ಬರೆಯಿತು. ಭಾರತದಲ್ಲಿ ಸಮಾನ ಪೌರತ್ವ ಕೇಳುವ ನಾವು ಈ ವಿಧಿಯನ್ನು ಯಾವ ಬಾಯಿಂದ ಸಮರ್ಥಿಸೋಣ? ಸಮರ್ಥಿಸುವುದಿಲ್ಲ. ಆದರೂ ಅದರಲ್ಲಿ ಸಂಸತ್ತಿತ್ತು, ಮೂಲಭೂತ ಹಕ್ಕುಗಳಿದ್ದವು, ಉರ್ದುವಿನ ಜತೆ ಬಂಗಾಳಿಗೂ ರಾಜ್ಯಭಾಷೆಯ ಸ್ಥಾನವಿತ್ತು. ಮೌಲಾನಾ ಮೌದೂದಿಯಂಥವರೂ ಅದನ್ನು ಒಪ್ಪಿಕೊಂಡಿದ್ದರು.

ಅದರಡಿ ಒಂದೇ ಒಂದು ಸಾರ್ವತ್ರಿಕ ಚುನಾವಣೆ ನಡೆಯಲಿಲ್ಲ. 1959ರಲ್ಲಿ ನಡೆಯಬೇಕಿತ್ತು. 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಝಾ ಸಂವಿಧಾನವನ್ನು ರದ್ದು ಮಾಡಿ ಸೇನಾಡಳಿತ ಹೇರಿದರು. ಇವರು ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವರು. ಇಪ್ಪತ್ತೇ ದಿನಗಳಲ್ಲಿ ಜನರಲ್ ಅಯೂಬ್ ಖಾನ್ ಅವರನ್ನೂ ಹೊರದಬ್ಬಿದರು. ಅದೇ ಅಕ್ಟೋಬರ್ 27ರಂದು ಮುನೀರ್ ನ್ಯಾಯಪೀಠ ದೋಸ್ಸೋ ಪ್ರಕರಣದಲ್ಲಿ, ಯಶಸ್ವಿಯಾದ ಕ್ರಾಂತಿಯೇ ಕಾನೂನಿನ ಮೂಲವೆಂದು ಸಾರಿತು. ಗೆದ್ದ ಬಂದೂಕಿಗೆ ಕೋರ್ಟಿನ ಮೊಹರು!

ಆ ತೀರ್ಪು ತಪ್ಪೆಂದು ಪಾಕಿಸ್ತಾನದ ಸುಪ್ರೀಂ ಕೋರ್ಟ್ ಹೇಳಿದ್ದು 1972ರಲ್ಲಿ, ಅಸ್ಮಾ ಜಿಲಾನಿ ಪ್ರಕರಣದಲ್ಲಿ. ಯಾಹ್ಯಾ ಖಾನ್ ಅಧಿಕಾರ ಕಬಳಿಸಿದವರೆಂದೂ ಹೇಳಿತು. ಅಷ್ಟರಲ್ಲಿ ಯಾಹ್ಯಾ ಗದ್ದುಗೆ ಕಳೆದುಕೊಂಡಿದ್ದರು, ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಗಿತ್ತು.